ಬಸವಂತಮ್ಮನ ಕುರ್ಚಿ

ಜಿಗಿದಾಡುವುದನ್ನು ಕಲಿಸಲಿಕ್ಕೂ ಸರ್ಟಿಫಿಕೇಟು ಬೇಕೆಂಬ ಸಂಗತಿ ನನಗೆ ತಿಳಿದದ್ದು ರೊಟ್ಟಿ, ಪುಂಡಿಪಲ್ಯದ ಮುಂದೆ ಕೂತಾಗ. ಆಷಾಢದ ಒಂದು ಸಂಜೆ ಅದು. ನನ್ನ ಮಗ ಕೊಟ್ರೇಶ ದೇವದುರ್ಗದಿಂದ ಆಗಷ್ಟೇ ಬಂದು, ಕೈಕಾಲು ತೊಳೆದು ತಟ್ಟೆ ಎಳೆದುಕೊಂಡಿದ್ದ. ಅಲ್ಲಿಯ ಗೊಬ್ಬರ, ಬೀಜದ ಅಂಗಡಿಯಲ್ಲಿ ಅವನಿಗೆ ಕೆಲಸ. ದಿನಾ ರಾಯಚೂರಿನಿಂದ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಾನೆ. ಸೊಸೆ ಉಮಾಶ್ರೀ ರೊಟ್ಟಿ ಬಡಿಯುತ್ತ, ಬೆನ್ನು ನಮ್ಮ ಕಡೆ ಇಟ್ಟುಕೊಂಡೇ ಮಾತು ತೆಗೆದಳು. ಮುಖ ನೋಡಿ ಹೇಳಲು ಧೈರ್ಯ ಸಾಲದ ಮಾತುಗಳೆಲ್ಲ ನಮ್ಮ ಮನೆಯಲ್ಲಿ ಒಲೆಯ ಕಡೆ ತಿರುಗಿಯೇ ಹೊರಡುತ್ತವೆ.

"ಮಾವಾರ, ಮಿನಾಜ್ ಮೇಡಂ ದೇವದುರ್ಗದಾಗ ಇನ್ನೊಂದು ಜಿಮ್ ತೆಗಿಯಾಕತ್ತಾರ. ಬರೇ ಹೆಣ್ಮಕ್ಕಳದು. ಅದನ್ನ ನೀನೇ ನೋಡಿಕೋ ಅಂದಾರ."

ಕೊಟ್ರೇಶನ ಕೈ ತಟ್ಟೆಯಲ್ಲೇ ನಿಂತಿತು. "ದೇವದುರ್ಗದಾಗ? ನಮ್ಮ ಅಂಗಡಿ ಇರೋ ದೇವದುರ್ಗದಾಗ?"

"ಎಷ್ಟು ದೇವದುರ್ಗ ಅದಾವಲೇ?" ಎಂದೆ ನಾನು.

"ಯಪ್ಪಾ, ನೀ ಸುಮ್ನಿರು. ನಾ ಇತ್ಲಾಗ ಯೂರಿಯಾ ಚೀಲ ಕೊಡೋದು, ಈಕಿ ಅತ್ಲಾಗ ಅದೇ ರೈತರ ಹೆಂಡ್ರನ್ನ ಕುಣಸೋದು. ಮಂದಿ ಏನಂತಾರ?"

"ಆದ್ರ ಸರ್ಟಿಫಿಕೇಟ್ ಬೇಕಂತ," ಎಂದಳು ಉಮಾಶ್ರೀ, ಅವನ ಮಾತು ಕಿವಿಗೆ ಬಿದ್ದೇ ಇಲ್ಲವೆಂಬಂತೆ. "ಟ್ರೇನರ್ ಅಂತ ಕಾಗದ ಇಲ್ದವರ ಕೈಯಾಗ ಜಿಮ್ ಕೊಡಾಕ ಆಗಂಗಿಲ್ಲ ಅಂದಾರ."

ಮೂಲೆಯ ಕುರ್ಚಿಯಲ್ಲಿದ್ದ ನನ್ನ ಹೆಂಡತಿ ಬಸವಂತಮ್ಮ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಇಷ್ಟು ದಿನ ಕಾಗದ ಇಲ್ದ ಕುಣಿಸಿದಿ, ಈಗ ಕುಣಿಸಾಕ ಕಾಗದ ಬೇಕಂತೇನು? ನಾ ಯಾವ ಕಾಗದ ಇಲ್ದ ನಮ್ಮ ಓಣ್ಯಾಗಿನ ಅರ್ಧ ಬಾಣಂತನ ಮಾಡೀನಿ. ಸಾಕು ಬಿಡು, ರೊಟ್ಟಿ ಹೊತ್ತಾಕತ್ತದ."

ರೊಟ್ಟಿ ಹೊತ್ತಿರಲಿಲ್ಲ. ಹೊತ್ತಿದ್ದು ಬೇರೆಯೇ.

ಆ ಕುರ್ಚಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೈಯಿಲ್ಲದ ನೀಲಿ ಪ್ಲಾಸ್ಟಿಕ್ ಕುರ್ಚಿ. ಬಸವಂತಮ್ಮನ ಮೊಣಕಾಲು ಕೈಕೊಟ್ಟ ಮೇಲೆ ಅವಳು ಲಿಂಗಪೂಜೆಯನ್ನೂ ಅದರ ಮೇಲೆಯೇ ಕೂತು ಮಾಡುತ್ತಿದ್ದಳು. ಚೀಕಲಪರ್ವಿಯಲ್ಲಿ ಹುಟ್ಟಿ, ಹೊಳೆಯಲ್ಲಿ ಮಿಂದು, ಮಣೆಯ ಮೇಲೆ ಕೂತು ಪೂಜೆ ಕಲಿತವಳು. ಅಂಥವಳಿಗೆ ಈ ಕುರ್ಚಿ ಎಂದರೆ ದಿನದಿನದ ಅವಮಾನ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗೆಲ್ಲ ಅದನ್ನು ಬೈಯುತ್ತಿದ್ದಳು: "ಎಲ್ಲಾರೂ ಕೆಳಗ ಕುಂತು ಪೂಜಿ ಮಾಡ್ತಾರ. ನಾನೊಬ್ಬಾಕಿ ದವಾಖಾನ್ಯಾಗ ಪಾಳಿ ಕಾದಂಗ ಕುಂತೀನಿ."

ಉಮಾಶ್ರೀ ಮಾನ್ವಿಯ ಹುಡುಗಿ. ಪಿಯುಸಿ ಮುಗಿಸಿ ನಮ್ಮ ಮನೆಗೆ ಬಂದವಳು. ಇಲ್ಲೇ ರಾಯಚೂರಿನಲ್ಲಿ ಮಿನಾಜ್ ನಡೆಸುವ ಹೆಂಗಸರ ಜಿಮ್ಮಿಗೆ ಮೊದಲು ಹೋದದ್ದು ಬಾಗಿಲಲ್ಲಿ ಕೂತು ಹೆಸರು ಬರೆದುಕೊಳ್ಳಲಿಕ್ಕೆ. ಬರಬರುತ್ತ ಒಳಗೆ ನಿಂತು ಕಲಿಸತೊಡಗಿದಳು. ಬರುವ ಹೆಂಗಸರು "ಉಮಾ ಬರಲಿ, ಉಮಾ ಹೇಳಿಕೊಡಲಿ" ಎನ್ನುತ್ತಿದ್ದರಂತೆ. ಆ ಕೆಲಸ ಅವಳಿಗೆ ಎಷ್ಟು ಹಿಡಿಸಿತ್ತೆಂಬುದು ಬೆಳಿಗ್ಗೆ ಅವಳು ಬೂಟಿನ ಲಾಡಿ ಕಟ್ಟಿಕೊಳ್ಳುವುದನ್ನು ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಈಗ ದೇವದುರ್ಗದ ಜಿಮ್ ಅವಳದೇ ಆಗುವುದಿತ್ತು, ಕಾಗದವೊಂದು ಕೈಗೆ ಬಂದರೆ.

ಎರಡು ದಿನ ಮುನಿಸಿನಲ್ಲಿದ್ದ ಕೊಟ್ರೇಶ ಮೂರನೆಯ ದಿನ ಫೋನು ಹಿಡಿದುಕೊಂಡು ಬಂದ. "ಇಲ್ಲಿ ನೋಡು. ಹೈದರಾಬಾದಿನಾಗ ಎರಡು ದಿನದ್ದು. ಶನಿವಾರ ಹೋದ್ರ ಐತವಾರ ಸಂಜಿಗೆ ಸರ್ಟಿಫಿಕೇಟ್. ಬಂಗಾರದ ಬಣ್ಣದ ಮುದ್ರಿ ಬೇರೆ. ಮಾಡೋದಿದ್ರ ಇದನ್ನ ಮಾಡಿ ಮುಗಿಸು."

ಅವನ ಒಪ್ಪಿಗೆ ಯಾವಾಗಲೂ ಹೀಗೇ, ಬೈದಂತೆ ಬರುತ್ತದೆ.

ಆ ವಾರ ಮಿನಾಜ್ ತಾನೇ ಮನೆಗೆ ಬಂದಳು. ಗಟ್ಟಿ ಆಳು, ಮಾತೂ ಗಟ್ಟಿ. ಬಸವಂತಮ್ಮ ಅವಳಿಗೆ ಮಂಡಾಳ ಒಗ್ಗರಣೆ, ಮಿರ್ಚಿ ಕೊಟ್ಟು ಎದುರಿಗೇ ಕೂತಳು.

"ಅರೇ ಅಮ್ಮಾ, ಮಿರ್ಚಿ ತಿನ್ನಿಸಿ ನನ್ನ ಧಂದಾ ಮುಳುಗಸ್ತೀರಿ," ಎಂದು ನಗುತ್ತ ಮೂರನ್ನು ಮುಗಿಸಿ ಅವಳು ವಿಷಯಕ್ಕೆ ಬಂದಳು. "ನೋಡು ಉಮಾ, ದಾರಿ ಮೂರು ಅದಾವ. ಒಂದು, ನಿನ್ನ ಗಂಡ ತೋರಿಸಿದ್ದು. ಎರಡು ದಿನದಾಗ ಮುಗೀತದ, ಗೋಡಿಗೆ ಹಾಕಾಕ ಚಂದ. ಎರಡನೇದು ಪರದೇಶದ್ದು. ಇಷ್ಟು ದಪ್ಪ ಇಂಗ್ಲಿಷ್ ಪುಸ್ತಕ, ಕಂಪ್ಯೂಟರಿನಾಗ ಪರೀಕ್ಷಾ. ಹೆಸರು ದೊಡ್ಡದು. ಮೂರನೇದು ಸರ್ಕಾರದ ಕೌಶಲ ಕೋರ್ಸು. ಇಲ್ಲೇ ರಾಯಚೂರಿನಾಗ ಕ್ಲಾಸ್, ಕನ್ನಡದಾಗ ಹೇಳ್ತಾರ. ಆದ್ರ ಭಾಳ ದಿನ ಹಿಡಿತದ. ಪರೀಕ್ಷಾಕ್ಕ ಬಂದವರು ಕಣ್ಣ ಮುಂದ ನಿಂತು ಮಾಡಿಸಿ ನೋಡ್ತಾರ."

"ನೀವು ಮಾಡಿದ್ದು ಯಾವುದ್ರಿ?" ಎಂದು ಕೇಳಿದಳು ಉಮಾಶ್ರೀ.

"ಮೊದಲನೇದು," ಎಂದು ಮಿನಾಜ್ ನಾಚಿಕೆಯಿಲ್ಲದೆ ನಕ್ಕಳು. "ಆವಾಗ ಅದೊಂದ ಗೊತ್ತಿತ್ತು."

ಬಸವಂತಮ್ಮ ತಟ್ಟೆ ಎತ್ತಿಕೊಳ್ಳುತ್ತ ಕೇಳಿದಳು: "ಈ ಮೂರರಾಗ ಮೊಣಕಾಲು ನೆಟ್ಟಗ ಮಾಡೋದು ಯಾವುದು?"

"ಮೂರನೇದರಾಗ ವಯಸ್ಸಾದವರಿಗಂತ ಬೇರೆ ಪಾಠ ಅದ ಅಮ್ಮಾ. ಆದ್ರ ನಾ ದಸರಾಕ್ಕ ಜಿಮ್ ತೆಗಿಬೇಕು. ಅಷ್ಟು ದಿನ ಯಾರು ಕಾಯ್ತಾರ?"

ಎಲ್ಲರೂ ನಕ್ಕರು. ಉಮಾಶ್ರೀ ಎರಡು ದಿನದ್ದಕ್ಕೇ ಹೆಸರು ಕೊಟ್ಟಳು. ಶ್ರಾವಣ ಮುಗಿದ ಮೇಲೆ ಹೈದರಾಬಾದಿಗೆ ಹೋಗುವುದೆಂದಾಯಿತು.

ಆದರೆ ಅತ್ತೆಯ ಪ್ರಶ್ನೆ ಅವಳ ತಲೆಯಲ್ಲಿ ಕೂತಿರಬೇಕು. ಮಾರನೆಯ ಬೆಳಿಗ್ಗೆ ಪೂಜೆ ಮುಗಿದದ್ದೇ ತಡ, ಆ ನೀಲಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, "ಅತ್ತಿ, ಕೈ ಎದಿ ಮ್ಯಾಲ ಇಟ್ಟುಗೊಂಡು ಎದ್ದು ನಿಂದರ್ರಿ. ಈಗ ಸಾವಕಾಶ ಕುಂದರ್ರಿ. ಧಪ್ಪಂತ ಬೀಳಬ್ಯಾಡ್ರಿ," ಎಂದಳು.

"ಇದ್ಯಾವ ಶಿಕ್ಷಾನೇ?"

"ತೊಡಿ ಗಟ್ಟಿ ಆದ್ರ ಮೊಣಕಾಲಿನ ಭಾರ ಕಡಿಮಿ ಆಗ್ತದ. ದಿನಾ ಹತ್ತು ಸಲ ಮಾಡ್ರಿ. ಬರಬರುತ್ತ ಮಣಿ ಮ್ಯಾಲ ಕುಂದ್ರಂಗ ಮಾಡ್ತೀನಿ."

ಮಣೆ ಎಂದದ್ದೇ ಬಸವಂತಮ್ಮನ ಮುಖ ಬೇರೆಯಾಯಿತು. ಗೊಣಗುತ್ತಲೇ ಎದ್ದಳು, ಗೊಣಗುತ್ತಲೇ ಕೂತಳು. ಹತ್ತು ಮುಗಿಸಿ, "ನಿಮ್ಮ ಜಿಮ್ಮಿನಾಗ ಇದಕ್ಕ ರೊಕ್ಕ ಕೊಡ್ತಾರ? ಎಂಥಾ ಮಂದಿನೇ ಯವ್ವಾ," ಎಂದಳು. ಮರುದಿನ ಕರೆಯುವ ಮೊದಲೇ ಕುರ್ಚಿ ಗೋಡೆಗೆ ಒತ್ತಿತ್ತು.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಉಮಾಶ್ರೀಯನ್ನು ಅವಳ ಅಣ್ಣ ಬಂದು ಮಾನ್ವಿಗೆ ಕರೆದುಕೊಂಡು ಹೋದ. ಹೋಗುವಾಗ ಅತ್ತೆಗೆ, "ಹತ್ತು ಮರಿಬ್ಯಾಡ್ರಿ," ಎಂದು ಹೇಳಿಯೇ ಹೋದಳು.

ಸೋಮವಾರ ಬಂತು. ಶ್ರಾವಣ ಸೋಮವಾರ ಬಸವಂತಮ್ಮನದು ಕಟ್ಟುನಿಟ್ಟಿನ ಒಪ್ಪತ್ತು. ಸಂಜೆ ದೀಪ ಹಚ್ಚುವ ತನಕ ನೀರು ಬಿಟ್ಟು ಬೇರೇನೂ ಇಲ್ಲ. ನಾನು ರೈಸ್‌ಮಿಲ್ಲಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತನಾದ ಮೇಲೂ ಬೆಳಗಿನ ಹೊತ್ತು ಅಲ್ಲಿ ಹೋಗಿ ಕೂತು ಚಹಾ ಕುಡಿದು, ಹೊಸ ಗುಮಾಸ್ತನ ತಪ್ಪು ಹುಡುಕಿ ಬರುವುದು ರೂಢಿ. ಅಂದು ಬರುವಾಗ ಅವಳಿಗೆಂದು ಬಾಳೆಹಣ್ಣು ತಂದೆ. ಬಾಗಿಲು ತೆರೆದೇ ಇತ್ತು. ಕೂಗಿದೆ, ಉತ್ತರವಿಲ್ಲ. ಪೂಜೆಯ ಮೂಲೆಯಲ್ಲಿ, ಕುರ್ಚಿಯ ಪಕ್ಕ, ಗೋಡೆಗೆ ಆತು ನೆಲದ ಮೇಲೆ ಬಿದ್ದಿದ್ದಳು. ಮೈಯೆಲ್ಲ ಬೆವರು. ಹಣೆಯ ವಿಭೂತಿ ಕರಗಿ ಕೆನ್ನೆಗೆ ಇಳಿದಿತ್ತು. ಕೈಯಲ್ಲಿ ಜಪಮಾಲೆ.

"ಬಸವಂತಿ! ಏನಾತೇ?"

ಕಣ್ಣು ಬಿಟ್ಟಳು, ಮಾತು ತೊದಲಿತು. ಪಕ್ಕದ ಮನೆಯ ಖಾಸಿಂ ಬೀ ಓಡಿ ಬಂದು ಆಟೋ ಕರೆಸದಿದ್ದರೆ ಬಾಳೆಹಣ್ಣು ಹಿಡಿದುಕೊಂಡೇ ನಿಂತಿರುತ್ತಿದ್ದೆ.

ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ದೇವದುರ್ಗದಿಂದ ಕೊಟ್ರೇಶ, ಮಾನ್ವಿಯಿಂದ ಉಮಾಶ್ರೀ, ಇಬ್ಬರೂ ಓಡಿ ಬಂದರು. ಅವಳ ಕೈಯಲ್ಲಿ ತವರಿನ ಉಂಡಿಯ ಚೀಲ ಹಾಗೇ ಇತ್ತು. ಡಾಕ್ಟರಮ್ಮ ಬಂದು ಮೊಣಕಾಲು ಮುಟ್ಟಿ ನೋಡಿದರು. ಎರಡೂ ಊದಿಕೊಂಡಿದ್ದವು.

"ಸಕ್ಕರಿ ಗುಳಿಗಿ ನುಂಗಿ, ಹೊಟ್ಟಿಗೆ ಏನೂ ಹಾಕ್ದ, ಮೈ ದಣಿಸ್ಯಾರ. ಸಕ್ಕರಿ ಪೂರಾ ಇಳಿದಿತ್ತು. ಏನು ಮಾಡಾಕತ್ತಿದ್ರಿವರು?"

"ಕುರ್ಚಿ ಮ್ಯಾಲಿಂದ ಎದ್ದು ಕುಂದ್ರೋ ವ್ಯಾಯಾಮ ಮಾಡ್ತಾಳ್ರಿ," ಎಂದೆ.

"ಹೇಳಿಕೊಟ್ಟವರು ಯಾರು?"

"ನಾನ್ರಿ," ಎಂದಳು ಉಮಾಶ್ರೀ.

"ಮಾಡಸೋಕಿಂತ ಮೊದ್ಲು ಯಾವ ಗುಳಿಗಿ ತಗೋತಾರ, ಉಪವಾಸ ಇರ್ತಾರೇನು ಅಂತ ಕೇಳಿದ್ರೇನು?"

"ಇಲ್ರಿ."

"ಒಂದೇ ಮನಿಯವರಲ್ಲೇನಮ್ಮಾ ನೀವು?"

ಉಮಾಶ್ರೀ ತಲೆ ತಗ್ಗಿಸಿದಳು. ಅತ್ತೆಗೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ಎತ್ತಿಕೊಡುವವಳು ಅವಳೇ. ಸೋಮವಾರ ಸಾಬೂದಾಣಿ ನೆನೆಹಾಕುವವಳೂ ಅವಳೇ. ಎರಡನ್ನೂ ಕೂಡಿಸಿ ಯೋಚಿಸಿರಲಿಲ್ಲ. ನಾನಾದರೂ ಯೋಚಿಸಿದ್ದೆನೇ? ಯಾರೂ ಯೋಚಿಸಿರಲಿಲ್ಲ.

ಮನೆಗೆ ಬಂದ ಮೇಲೆ ಕೊಟ್ರೇಶ ಹಾರಾಡಿದ. "ಮುಗೀತು! ಜಿಮ್ಮೂ ಬ್ಯಾಡ, ಕಾಗದಾನೂ ಬ್ಯಾಡ. ಮನ್ಯಾಗಿನ ಮುದುಕೀನ್ನ ಕೆಡವಿದಾಕಿ ಊರವರ ಮೈ ಏನು ಗಟ್ಟಿ ಮಾಡ್ತಿ?"

"ಲೇ, ಸಾವಕಾಶ," ಎಂದೆ.

"ಬಿಡ್ರಿ ಮಾವಾರ, ಅವರು ಹೇಳೋದು ಖರೇ ಅದ. ತಪ್ಪು ನಂದ," ಎಂದಳು ಉಮಾಶ್ರೀ. ಒಂದು ಮಾತು ತಿರುಗಿ ಆಡಲಿಲ್ಲ. ಆಡಿದ್ದರೆ ಮನೆ ಹಗುರಾಗುತ್ತಿತ್ತು.

ಮಂಚದ ಮೇಲಿದ್ದ ಬಸವಂತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಆ ದಿನ ತೆರೆಯಲೇ ಇಲ್ಲ. ನನಗೆ ಅದೇ ವಿಚಿತ್ರವೆನಿಸಿತು.

ಉಮಾಶ್ರೀ ಜಿಮ್ಮಿಗೆ ಹೋಗುವುದನ್ನು ಬಿಟ್ಟಳು. ಮಿನಾಜಳ ಫೋನು ಬಂದರೆ ಎತ್ತಲಿಲ್ಲ. ಬೆಳಿಗ್ಗೆ ಎದ್ದು ಅತ್ತೆಯ ಮೊಣಕಾಲಿಗೆ ಐಸ್ ಇಟ್ಟು, ಅಡಿಗೆ ಮಾಡಿ, ಪಾತ್ರೆ ತಿಕ್ಕಿ, ಒಗೆದು, ಮತ್ತೆ ತಿಕ್ಕಿದ ಪಾತ್ರೆಯನ್ನೇ ತಿಕ್ಕುತ್ತಿದ್ದಳು. ಒಂದು ದಿನ ಜಿಮ್ಮಿನ ಬೂಟುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದಳು. ನಾನು ನೋಡಿದೆ. ಮಂಚದ ಮೇಲಿನಿಂದ ಬಸವಂತಮ್ಮನೂ ನೋಡಿದಳು.

ಅಂದು ಊಟಕ್ಕೆ ಕೂತಾಗ ಬಸವಂತಮ್ಮ ತುತ್ತು ಬಾಯಿಗಿಡದೆ ಕೇಳಿದಳು: "ಬೂಟು ಯಾಕ ಅಟ್ಟಕ್ಕ ಹಾಕಿದಿ?"

"ಇನ್ನ ಬೇಕಾಗಂಗಿಲ್ಲ ಬಿಡ್ರಿ ಅತ್ತಿ."

ಬಸವಂತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಕೊಟ್ರ್ಯಾ, ಇಲ್ಲಿ ಕೇಳು. ಈಕಿ ನಂಗ ಹತ್ತು ಅಂದಿದ್ಲು."

"ಗೊತ್ತದಬೇ."

"ಏನೂ ಗೊತ್ತಿಲ್ಲ ನಿಂಗ. ನಾ ಮಾಡಿದ್ದು ನೂರೆಂಟು."

ಕೊಟ್ರೇಶನ ಬಾಯಿ ತೆರೆದೇ ಉಳಿಯಿತು. "ನೂರೆಂಟು? ಯಾಕಬೇ?"

"ಹರಕಿ ಹೊತ್ತಿದ್ದೆ. ಶ್ರಾವಣ ಮುಗಿಯೋ ಮಟ ಸೋಮವಾರಕ್ಕೊಮ್ಮೆ ನೂರೆಂಟು ಸಲ ನಿನ್ನ ಹೆಸರು ಹೇಳಿ ಎದ್ದು ಕುಂದರ್ತೀನಿ ಶಿವನೇ ಅಂತ."

"ಮೊಣಕಾಲು ಬರಲಂತನಾ?" ಎಂದೆ ನಾನು.

"ಮೊಣಕಾಲಿಗೆ ಯಾರು ಹರಕಿ ಹೊರ್ತಾರ್ರೀ?" ಎಂದು ನನ್ನ ಮೇಲೆ ಹರಿಹಾಯ್ದಳು. "ಈಕಿ ಪಾಸಾಗ್ಲಿ ಅಂತ! ಹರಕಿ ಬಾಯಿ ಬಿಟ್ಟು ಹೇಳಿದ್ರ ಫಲ ಹೋಗ್ತದ. ಅದಕ್ಕ ಇಷ್ಟು ದಿನ ಹಲ್ಲು ಕಚ್ಚಿ ಸುಮ್ನಿದ್ದೆ. ಈಗ ಹೇಳಿದೆ, ಫಲ ಹೋತು. ಹೋಗ್ಲಿ. ಬೂಟು ಅಟ್ಟ ಹತ್ತಿದ ಮ್ಯಾಲ ಆ ಫಲ ತಗೊಂಡು ನಾ ಏನು ಮಾಡ್ಲಿ?"

ಉಮಾಶ್ರೀ ಸಾರಿನ ಸೌಟು ಹಿಡಿದುಕೊಂಡೇ ಅತ್ತೆಯನ್ನು ನೋಡುತ್ತಿದ್ದಳು. "ನಿಮಗ ನಾ ಜಿಮ್ಮಿಗೆ ಹೋಗೋದು ಸೇರಂಗಿಲ್ಲಲ್ರಿ ಅತ್ತಿ?"

"ಸೇರಂಗಿಲ್ಲ. ಈಗೂ ಸೇರಂಗಿಲ್ಲ. ನಂಗ ಸೇರದಿದ್ರ ನೀ ಫೇಲಾಗ್ಬೇಕೇನು?"

ಉಮಾಶ್ರೀ ಅಳುತ್ತ ನಕ್ಕಳೋ ನಗುತ್ತ ಅತ್ತಳೋ, ಸಾರು ಮಾತ್ರ ನನ್ನ ತಟ್ಟೆಯ ಬದಲು ಚಾಪೆಗೆ ಬಿತ್ತು. ಈ ಹೆಂಗಸಿನ ಜೊತೆ ಇಷ್ಟು ವರ್ಷ ಬಾಳಿದ್ದೇನೆ. ಅವಳ ಸಿಟ್ಟು ಗೊತ್ತು, ಅವಳ ಹಟ ಗೊತ್ತು. ಹಟವನ್ನು ಹೀಗೂ ಖರ್ಚು ಮಾಡುತ್ತಾಳೆಂದು ತಿಳಿದಿರಲಿಲ್ಲ.

ಕೊಟ್ರೇಶ ತಾನೇ ಅಟ್ಟ ಹತ್ತಿ ಬೂಟು ಇಳಿಸಿದ. "ಆತು ಬಿಡು. ತಪ್ಪು ನಿಂದಲ್ಲ. ಹೈದರಾಬಾದಿಗೆ ಹೋಗಿ ಬಾ."

"ಇಲ್ಲ," ಎಂದಳು ಉಮಾಶ್ರೀ. "ಎರಡು ದಿನದ್ದು ಬ್ಯಾಡ."

"ಮತ್ತೇನಾತು?"

"ಹತ್ತು ಅಂತ ಹೇಳಿದ್ದು ಖರೇ. ಹೆಚ್ಚು ಮಾಡಿದ್ರ ಏನಾಗ್ತದ ಅಂತ ಹೇಳಿದ್ನೇನು? ಗುಳಿಗಿ ಕೇಳಿದ್ನೇನು? ಒಪ್ಪತ್ತಿನ ದಿನ ಬ್ಯಾಡ ಅಂದ್ನೇನು? ನಂಗ ಗೊತ್ತೇ ಇದ್ದಿಲ್ಲ. ದೇವದುರ್ಗದಾಗ ಸೋಮವಾರ ಮಾಡೋರು ಎಷ್ಟು ಮಂದಿ ಬರ್ತಾರ. ಎಲ್ಲಾರಿಗೂ ಗ್ಲೂಕೋಸ್ ಹಚ್ಚಸ್ಲೇನು? ಅಳತಿ ಹಿಡಿಯೋದು ಬಂದೋಬಸ್ತಾಗಿ ಕಲಿಸೋದು ಮೂರನೇದು. ವಯಸ್ಸಾದವರ ಪಾಠಾನೂ ಅದರಾಗ ಅದ. ಅದನ್ನ ಮಾಡ್ತೀನಿ."

"ಅಷ್ಟರಾಗ ದಸರಾ ಮುಗಿದು ಹೋಗ್ತದ. ಮಿನಾಜ್ ಬಿ ಬ್ಯಾರೆಯವರನ್ನ ಇಟ್ಟುಗೋತಾರ."

"ಇಟ್ಟುಗೊಂಡ್ರ ಇಟ್ಟುಗೋಳ್ಲಿ."

ಹೇಳುವುದು ಸುಲಭ. ಹೇಳಿದ ಮೇಲೆ ಅವಳ ಮುಖ ಸಣ್ಣದಾಗಿದ್ದನ್ನು ಎಲ್ಲರೂ ನೋಡಿದೆವು.

ಮಿನಾಜ್ ಎಲ್ಲ ಕೇಳಿಸಿಕೊಂಡು, "ನನ್ನ ಗೋಡಿ ಮ್ಯಾಲಿನ ಸರ್ಟಿಫಿಕೇಟಿನವರು ರಂಜಾನದಾಗ ಹೆಂಗ ಮಾಡಿಸಬೇಕು ಅಂತ ನಂಗೂ ಹೇಳ್ಲಿಲ್ಲ. ನೀ ಹೇಳೋದು ಬರೋಬ್ಬರಿ ಅದ," ಎಂದಳಂತೆ. ಆದರೆ ಸಿರವಾರದ ಹುಡುಗಿಯೊಬ್ಬಳು ಆಗಲೇ ಬಂಗಾರದ ಮುದ್ರೆಯ ಸರ್ಟಿಫಿಕೇಟು ತಂದು ತೋರಿಸಿ ಹೋಗಿದ್ದಳು. "ಕಾರ್ತಿಕದ ಮಟ ನೋಡ್ತೀನಿ ಉಮಾ. ಅದಕ್ಕಿಂತ ಹೆಚ್ಚು ಕಾಯಾಕ ಆಗಂಗಿಲ್ಲ. ನೀ ಫೇಲಾದ್ರ ಆಕೀಗೆ ಕೊಡ್ತೀನಿ."

ಕ್ಲಾಸು ಶುರುವಾಯಿತು. ಮನೆಯ ಕೆಲಸ ತಲೆಕೆಳಗಾಯಿತು. ಮಧ್ಯಾಹ್ನದ ತರಕಾರಿ ಹೆಚ್ಚುವ ಕೆಲಸ ನನಗೆ ಬಿತ್ತು. ನಾನು ಹೆಚ್ಚಿದ ಬದನೆಕಾಯಿ ನೋಡಿ ಬಸವಂತಮ್ಮ, "ಇದನ್ನ ದನಕ್ಕ ಹಾಕ್ರಿ," ಎಂದು ಮಂಚದ ಮೇಲಿನಿಂದಲೇ ತೀರ್ಪು ಕೊಟ್ಟಳು. ಸಂಜೆ ಊಟಕ್ಕೆ ಕೂತರೆ ಕೊಟ್ರೇಶ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ, ಉಮಾಶ್ರೀ ರೊಟ್ಟಿ ಬಡಿಯುತ್ತ ಉತ್ತರ ಹೇಳುತ್ತಿದ್ದಳು. ಕೆಲವೇ ದಿನಗಳಲ್ಲಿ ಬಸವಂತಮ್ಮನೇ ನಡುವೆ ಬಾಯಿ ಹಾಕತೊಡಗಿದಳು.

"ಹೊಸಬರು ಬಂದ್ರ ಮೊದ್ಲು ಏನು ಕೇಳಬೇಕು?" ಎಂದು ಕೊಟ್ರೇಶ ಕೇಳಿದರೆ, ಉಮಾಶ್ರೀಗಿಂತ ಮೊದಲೇ, "ಉಂಡೀಯೇನು, ಗುಳಿಗಿ ನುಂಗೀಯೇನು, ಎಲ್ಲಿ ನೋಯ್ತದ," ಎನ್ನುತ್ತಿದ್ದಳು.

"ಪರೀಕ್ಷಾ ಯಾರದಬೇ?"

"ಗ್ಲೂಕೋಸ್ ಹತ್ತಿಸಿಗೊಂಡಾಕಿ ನಾನಪಾ. ಅದನ್ನ ಹ್ಯಾಂಗ ಮರೀಲಿ?"

ಇನ್ನೊಂದು ದಿನ ಒಳಗಿನಿಂದ ದಬದಬ ಸದ್ದು ಬಂತು. ಹೋಗಿ ನೋಡಿದರೆ ಉಮಾಶ್ರೀ ಅಕ್ಕಿಯ ಚೀಲವನ್ನು ಮಲಗಿಸಿ, ಮಂಡಿಯೂರಿ, ಎರಡೂ ಕೈಯಿಂದ ಒತ್ತುತ್ತಿದ್ದಳು. ಎದೆಬಡಿತ ನಿಂತವರಿಗೆ ಹಾಗೆ ಒತ್ತಬೇಕಂತೆ, ಅದೂ ಪರೀಕ್ಷೆಯಲ್ಲಿ ಇದೆಯಂತೆ. ಬಸವಂತಮ್ಮ ಗೋಡೆ ಹಿಡಿದುಕೊಂಡು ಬಂದೇ ಬಿಟ್ಟಳು. "ಏ, ಅನ್ನ ತಿನ್ನೋ ಅಕ್ಕಿಗೆ ಗುದ್ದತಿಯಲ್ಲೇ! ಪಾಪ ಬರ್ತದ!" ಎಂದು ಅದನ್ನು ಬಿಡಿಸಿ, ತನ್ನ ಹತ್ತಿಯ ದಿಂಬನ್ನು ಎಸೆದಳು. "ಇದಕ್ಕ ಗುದ್ದು. ಹೆಂಗೂ ಗಂಟು ಕಟ್ಯಾದ."

ಡಾಕ್ಟರಮ್ಮನನ್ನು ಕೇಳಿ, ಅವರು ಸರಿ ಎಂದ ಮೇಲೆ ಮಾತ್ರ ಉಮಾಶ್ರೀ ಅತ್ತೆಯ ವ್ಯಾಯಾಮವನ್ನು ಮತ್ತೆ ಶುರು ಮಾಡಿಸಿದಳು. ಮೊದಲು ಕೂತಲ್ಲೇ ಕಾಲು ಚಾಚುವುದು. ಆಮೇಲೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿ, ಅದರಿಂದ ಏಳುವುದು. ಬಸವಂತಮ್ಮ ಹೆಚ್ಚು ಮಾಡಲು ಹೋದರೆ ಕುರ್ಚಿಯನ್ನೇ ಎತ್ತಿಕೊಂಡು ಹೋಗಿಬಿಡುತ್ತಿದ್ದಳು.

ಈ ನಡುವೆ ದೇವದುರ್ಗದಲ್ಲೊಂದು ಕಥೆಯಾಯಿತು. ನಾಚಿಕೊಂಡಿದ್ದ ನಮ್ಮ ಕೊಟ್ರೇಶ ಅಂಗಡಿಯಲ್ಲಿ ಕೂತು ತನ್ನ ತಾಯಿಯ ನೂರೆಂಟರ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಅದು ಅಂಗಡಿ ಮಾಲೀಕರ ತಾಯಿ ಶೇಖಮ್ಮನ ಕಿವಿಗೆ ಬಿತ್ತು. ಮಿನಾಜ್ ಬಾಡಿಗೆಗೆ ನೋಡಿಟ್ಟಿದ್ದ ಮಾಳಿಗೆ ಆ ಶೇಖಮ್ಮನದೇ.

"ಮೊಣಕಾಲಿನಾಕಿ ಯಾವಾಗ ಬರ್ತಾಳಪಾ?" ಎಂದು ಶೇಖಮ್ಮ ಕೇಳಿದಳಂತೆ. "ಹತ್ತಿ ಬಿಡಿಸಿ ಬಿಡಿಸಿ ನಮ್ಮ ಓಣ್ಯಾಗಿನ ಹೆಂಗಸರ ಸೊಂಟ, ಮೊಣಕಾಲು ಎಲ್ಲಾ ಹೋಗ್ಯಾವ. ಆದ್ರ ಮಾಳಿಗಿ ಯಾರು ಹತ್ತಬೇಕು? ಕೆಳಗಿನ ಗೋದಾಮು ಖಾಲಿ ಮಾಡಿ ಕೊಡ್ತೀನಿ. ಆಕೀನೇ ಬರ್ಬೇಕು ಮತ್ತ."

ಅದನ್ನು ಹೇಳುವಾಗ ಕೊಟ್ರೇಶನ ಮುಖ ಹಿಗ್ಗಿತ್ತು. "ಮಂದಿ ಏನಂತಾರ ಅಂದಿದ್ದಿಯಲ್ಲ. ಇದನ್ನ ಅಂತಾರ ನೋಡಪಾ," ಎಂದೆ. ನನ್ನತ್ತ ತಿರುಗದೆ ರೊಟ್ಟಿ ಮುರಿದ.

ಪರೀಕ್ಷೆ ಕಾರ್ತಿಕದಲ್ಲಿ ಬಿತ್ತು. ಕಲಿಸಿ ತೋರಿಸಲು ಒಬ್ಬರನ್ನು ಕರೆತರಬೇಕಿತ್ತು. "ನಮ್ಮತ್ತೀನ್ನ ಕರ್ಕೊಂಡು ಬರ್ತೀನಿ," ಎಂದು ಉಮಾಶ್ರೀ ಮೊದಲೇ ಬರೆಸಿದ್ದಳು. ಅಂದು ಅವಳು ಬೆಳಿಗ್ಗೆಯೇ ಹೋದಳು. ಅತ್ತೆಯನ್ನು ಆಟೋದಲ್ಲಿ ಕರೆದೊಯ್ಯುವುದು ನನ್ನ ಪಾಲಿಗೆ. ಇಳಕಲ್ ಸೀರೆ ಉಟ್ಟು, ಮೂರು ಬೆರಳ ವಿಭೂತಿ ಹಚ್ಚಿ ಬಸವಂತಮ್ಮ ಮದುವೆಗೆ ಹೊರಟಂತೆ ಹೊರಟಳು. ಅಂದು ಯಾವ ವಾರವೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಪರೀಕ್ಷಕರು ಹುಬ್ಬಳ್ಳಿ ಕಡೆಯವರು, ಕನ್ನಡಕದ ಮೇಲಿನಿಂದ ನೋಡುವ ಮನುಷ್ಯ. ಬಂದವರ ಜೊತೆಯವರೆಲ್ಲ ಗೋಡೆಯ ಪಕ್ಕ ಕೂತಿದ್ದೆವು. ಉಮಾಶ್ರೀ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಹೊಸಬರನ್ನು ಕೇಳುವಂತೆ ಕೇಳಿದಳು.

"ಬೆಳಿಗ್ಗೆ ಏನರ ತಿಂದೀರೇನ್ರಿ?"

"ತಿಂದೀನಿ."

"ಏನು ತಿಂದ್ರಿ?"

"ಅವಲಕ್ಕಿ."

ಉಮಾಶ್ರೀ ಅತ್ತೆಯ ಮುಖ ನೋಡಿದಳು. "ಅವಲಕ್ಕಿ ಡಬ್ಬಿ ನಿನ್ನೇನ ಖಾಲಿ ಆಗ್ಯಾದ ಅತ್ತಿ."

ಬಸವಂತಮ್ಮ ಸೆರಗು ಸರಿಮಾಡಿಕೊಂಡಳು. ಆಗ ನನಗೆ ಹೊಳೆಯಿತು: ಕಾರ್ತಿಕ ಸೋಮವಾರ!

"ಗುಳಿಗಿ?"

"ನುಂಗೀನಿ."

ಉಮಾಶ್ರೀಯ ಮುಖ ಬಿಳಿಚಿತು. ಪರೀಕ್ಷೆ ನೋಡಲೆಂದೇ ಬಂದಿದ್ದ ಮಿನಾಜ್ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಹಣೆಗೆ ಕೈ ಇಟ್ಟುಕೊಂಡಳು. ಉಮಾಶ್ರೀ ಪರೀಕ್ಷಕರ ಕಡೆ ತಿರುಗಿದಳು. "ಸರ್, ಈಗ ಇವರಿಗೆ ನಾ ಏನೂ ಮಾಡಸಂಗಿಲ್ಲ."

"ಮಾಡಸ್ಲಿಲ್ಲಂದ್ರ ಮಾರ್ಕ್ಸ್ ಎಲ್ಲಿಂದ ಕೊಡ್ಲಿ ತಂಗಿ?"

"ಕೊಡಬ್ಯಾಡ್ರಿ."

"ಏ ಹುಚ್ಚಿ!" ಬಸವಂತಮ್ಮ ಎದ್ದೇ ಬಿಟ್ಟಳು. "ನಾ ಗಟ್ಟಿ ಅದೀನ್ರಿ ಸಾಹೇಬ್ರ, ನೋಡ್ರಿಲ್ಲಿ, ನಾ ಮಾಡ್ತೀನಿ..."

"ಅತ್ತೀ! ಕುಂದರ್ರಿ!"

ನಮ್ಮ ಮನೆಗೆ ಬಂದಾಗಿನಿಂದ ಉಮಾಶ್ರೀ ಅತ್ತೆಗೆ ಏರುದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅದಕ್ಕಿಂತ ದೊಡ್ಡ ಸಂಗತಿ, ಬಸವಂತಮ್ಮ ಕೂತಳು. ಉಮಾಶ್ರೀ ತನ್ನ ಊಟದ ಡಬ್ಬಿ ಬಿಚ್ಚಿ, ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿ ಅವಳ ತೊಡೆಯ ಮೇಲಿಟ್ಟಳು.

"ಕಾರ್ತಿಕ ಸೋಮವಾರನೇ..." ಎಂದಳು ಬಸವಂತಮ್ಮ ಸಣ್ಣ ದನಿಯಲ್ಲಿ.

"ಶಿವ ಸಿಟ್ಟಾದ್ರ ನನ್ನ ಹೆಸರು ಹೇಳ್ರಿ. ನೀವು ಮತ್ತ ಬಿದ್ರ ಈ ಸರ್ಟಿಫಿಕೇಟ್ ತಗೊಂಡು ನಾ ಏನು ಮಾಡ್ಲಿ?"

ತನ್ನದೇ ಮಾತು ತನಗೆ ತಿರುಗಿ ಬಂದದ್ದು ಬಸವಂತಮ್ಮನಿಗೆ ತಿಳಿಯಿತು. ಎಲ್ಲರೆದುರು ರೊಟ್ಟಿ ಮುರಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ರೊಟ್ಟಿ. "ಹಿಂಡಿಗೆ ಉಪ್ಪು ಕಡಿಮಿ ಆಗ್ಯಾದ," ಎಂದಳು.

ಪರೀಕ್ಷಕರು, ಬೇರೆಯವರದು ಮುಗಿಯಲಿ, ಕೊನೆಗೆ ಬನ್ನಿ ಎಂದಷ್ಟೇ ಅಂದರು. ಮಧ್ಯಾಹ್ನ ಇಳಿದ ಮೇಲೆ ಮತ್ತೆ ಕರೆದರು. ಉಮಾಶ್ರೀ ಮತ್ತೆ ಮೊದಲಿನಿಂದ ಕೇಳಿದಳು, ನಾಡಿ ಹಿಡಿದು ನೋಡಿದಳು, ಆಮೇಲೆ ಶುರು ಮಾಡಿಸಿದಳು. ಬಸವಂತಮ್ಮ ಸಾವಕಾಶ ಎದ್ದಳು, ಸಾವಕಾಶ ಕೂತಳು. ಹತ್ತು ಆದವು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಭಾಳ ಚಲೋ ಮಾಡ್ತೀರಿ ಯವ್ವಾ," ಎಂದರು ಪರೀಕ್ಷಕರು. "ಇನ್ನೈದು ಮಾಡ್ರಿ ನೋಡೋಣು."

"ಯಾಕ್ರೀ?"

"ನಾ ಪರೀಕ್ಷಾ ಮಾಡಾವ, ನಾ ಹೇಳಾಕತ್ತೀನಲ್ಲ."

"ಪರೀಕ್ಷಾ ಆಕೀಗೆ ಮಾಡ್ರಿ," ಎಂದಳು ಬಸವಂತಮ್ಮ. "ನಂಗ ಹೇಳಾಕಿ ಆಕಿ. ಆಕಿ ಹತ್ತು ಅಂದಾಳ, ಹತ್ತು ಆದವು."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಏನೋ ಬರೆದರು. ಬರೆಯುವಾಗ ನಗುತ್ತಿದ್ದರು.

ಉಮಾಶ್ರೀ ಪಾಸಾದಳು. ಮಿನಾಜ್ ಸಿರವಾರದ ಹುಡುಗಿಗೆ ರಾಯಚೂರಿನಲ್ಲೇ ಕೆಲಸ ಕೊಟ್ಟು, ಮುಂದಿನ ತಂಡಕ್ಕೆ ಆ ದೊಡ್ಡ ಕೋರ್ಸಿಗೆ ಅವಳ ಹೆಸರೂ ಬರೆಸಿದಳು, ತನ್ನದೂ ಬರೆಸಿದಳು. ನಾನು ಬಡಿಗೇರ ಸತ್ತಾರ್ ಸಾಬ್‌ಗೆ ಹೇಳಿ ಗಟ್ಟಿ ಕಾಲಿನ, ಸ್ವಲ್ಪ ಎತ್ತರದ ಮಣೆಯೊಂದನ್ನು ಮಾಡಿಸಿದೆ. ಒಂದು ಬೆಳಿಗ್ಗೆ ಬಸವಂತಮ್ಮ ಗೋಡೆಗೆ ಒಂದು ಕೈ ಕೊಟ್ಟು ಅದರ ಮೇಲೆ ಇಳಿದು ಕೂತಳು. ಅಂದಿನ ಪೂಜೆ ಎಷ್ಟು ಹೊತ್ತು ನಡೆಯಿತೆಂದರೆ ನನ್ನ ಚಹಾ ಆರಿ ಹೋಯಿತು.

ಪೂಜೆ ಮುಗಿಸಿ ತಾನೇ ಎದ್ದು, ಆ ನೀಲಿ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. "ಇದನ್ನ ದೇವದುರ್ಗಕ್ಕ ತಗೊಂಡು ಹೋಗು," ಎಂದಳು ಸೊಸೆಗೆ. "ಕೈಯಿಲ್ಲದ ಇಂಥಾ ಕುರ್ಚಿ ಈಗ ಸಿಗಂಗಿಲ್ಲ. ನಂಗೇನು ಬೇಕಾಗ್ಯಾದ?"

ಜಿಮ್ ತೆರೆಯುವ ದಿನ ಅವರನ್ನು ಕಳಿಸಲು ನಾನೂ ಬಸ್‌ಸ್ಟ್ಯಾಂಡಿಗೆ ಹೋದೆ. ಉಮಾಶ್ರೀ ಬೂಟು ಹಾಕಿಕೊಂಡು, ಸರ್ಟಿಫಿಕೇಟನ್ನು ಹಳೆಯ ಪೇಪರಿನಲ್ಲಿ ಸುತ್ತಿ ಎದೆಗವಚಿಕೊಂಡು ಕಿಟಕಿಯ ಪಕ್ಕ ಕೂತಳು. ಹಿಂದಿನಿಂದ ಕೊಟ್ರೇಶ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಾಗಿಲಲ್ಲಿ ಸಿಕ್ಕಿಕೊಂಡ. ದಿನಾ ಅವನನ್ನು ನೋಡುವ ಕಂಡಕ್ಟರು ನಕ್ಕ.

"ಏನ್ರೀ ಕೊಟ್ರೇಶಣ್ಣ, ಬಸ್ಸಿನಾಗ ಸೀಟು ಸಿಗಂಗಿಲ್ಲಂತ ಮನಿಯಿಂದನೇ ಕುರ್ಚಿ ತಂದೀರೇನು?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕೊಟ್ರೇಶ ಕುರ್ಚಿಯನ್ನು ಇಳಿಸಿ ಕಂಡಕ್ಟರನ ಕೈಗೆ ಕೊಟ್ಟು, ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ:

"ಸಾವಕಾಶ ಹಿಡಿರೀ. ನಮ್ಮ ಮನಿಯಾಕಿ ಜಿಮ್ಮಿನ ಮಷೀನ್ ಅದು."